ಬರೆದವರಿಗೊಂದು ಪ್ರಶಸ್ತಿ: ರೈಟರ್ಸ್ ಗಿಲ್ಡ್ ಅವಾರ್ಡ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಲ್ಲಿ ಬರೆಯುವ ಹುಚ್ಚು ಹತ್ತಿದವರಿಗೆ ಬರವಿಲ್ಲ. ಕೆಲವರು ನಾಟಕ ಬರೆಯುತ್ತಾರೆ, ಕೆಲವರು ಕಿರುಚಿತ್ರಕ್ಕೆ ಕೈ ಹಾಕಿದ್ದಾರೆ. ಇನ್ನು ಕೆಲವರು ಬೆಂಗಳೂರಿನ ಸೀರಿಯಲ್ಲಿಗೆ ಮನೆಯಲ್ಲೇ ಕೂತು ಸಂಭಾಷಣೆ ಬರೆದು ವಾಟ್ಸಾಪಲ್ಲಿ ಕಳಿಸುತ್ತಾರೆ. ನಾನು ಈ ಕೊನೆಯ ಗುಂಪಿಗೆ ಸೇರಿದವನು. ಆಸ್ಕರ್ ಹತ್ತಿರ ಬಂದರೆ ಸಾಕು, ರಂಗಾಯಣದ ಆವರಣದಲ್ಲಿ ನಾಟಕ ಮುಗಿಸಿ ನಿಂತ ಹುಡುಗರು, ಮಂಡ್ಯದಿಂದ ಫೋನ್ ಮಾಡುವ ಗೆಳೆಯರು ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಎಲ್ಲಾ ಒಂದು ಕಡೆ ಬರೆದಿದ್ದೇನೆ.

ಇದು ಯಾರು ಕೊಡುವ ಪ್ರಶಸ್ತಿ?

ಅಮೆರಿಕದಲ್ಲಿ ಸಿನಿಮಾ, ಟಿವಿಗೆ ಬರೆಯುವವರಿಗೆ ಒಂದು ಕಾರ್ಮಿಕ ಸಂಘ ಇದೆ. ಹೆಸರು ರೈಟರ್ಸ್ ಗಿಲ್ಡ್ ಆಫ್ ಅಮೆರಿಕ. ನಿಜ ಹೇಳಬೇಕೆಂದರೆ ಅದು ಎರಡು ಸಂಘ. ಲಾಸ್ ಏಂಜಲೀಸಿನದು ವೆಸ್ಟ್, ನ್ಯೂಯಾರ್ಕಿನದು ಈಸ್ಟ್. ಎರಡೂ ಸೇರಿ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿ ಇದು. ಸಾಮಾನ್ಯವಾಗಿ ಎರಡೂ ಊರಲ್ಲಿ ಒಂದೇ ದಿನ ಸಮಾರಂಭ ನಡೆಯುತ್ತದೆ.

ಸಂಘ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಸಂಭಾವನೆ, ಪಿಂಚಣಿ, ಆರೋಗ್ಯ ವಿಮೆ ಅಂತ ದೊಡ್ಡ ದೊಡ್ಡ ಸ್ಟುಡಿಯೋಗಳ ಜೊತೆ ಜಗ್ಗಾಡುವವರೇ ಈ ಪ್ರಶಸ್ತಿಯನ್ನೂ ಕೊಡುತ್ತಾರೆ. ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಆಸ್ಕರಲ್ಲೂ ಚಿತ್ರಕಥೆಗೆ ಪ್ರಶಸ್ತಿ ಇದೆಯಲ್ಲ, ಮತ್ತೆ ಇದು ಯಾಕೆ?

ಆಸ್ಕರಲ್ಲಿ ಪಟ್ಟಿಗೆ ಹೆಸರು ಸೂಚಿಸುವವರು ಅಕಾಡೆಮಿಯ ಬರಹಗಾರರ ವಿಭಾಗದವರು, ಸರಿ. ಆದರೆ ಕೊನೆಯ ಮತ ಹಾಕುವಾಗ ನಟರು, ಛಾಯಾಗ್ರಾಹಕರು, ಮೇಕಪ್ಪಿನವರು, ಸಂಗೀತದವರು ಎಲ್ಲರೂ ಸೇರುತ್ತಾರೆ. ಗಿಲ್ಡ್‌ನಲ್ಲಿ ಹಾಗಿಲ್ಲ. ಇಲ್ಲಿ ಬರೆಯುವವರ ಕೆಲಸಕ್ಕೆ ಬರೆಯುವವರದ್ದೇ ಮತ. ಮೂರನೇ ಅಂಕದಲ್ಲಿ ಕಥೆ ಸಿಕ್ಕಿಹಾಕಿಕೊಂಡಾಗ ಅದನ್ನು ಬಿಡಿಸಲು ಎಷ್ಟು ರಾತ್ರಿ ನಿದ್ದೆಗೆಡಬೇಕು ಅಂತ ಅವರಿಗೆ ಗೊತ್ತು. ನನಗೆ ಕೇಳಿದರೆ, ಆಸ್ಕರಿಗಿಂತ ಈ ಪಟ್ಟಿಯನ್ನು ನೋಡಿ ಸಿನಿಮಾ ಆರಿಸಿಕೊಳ್ಳುವುದು ವಾಸಿ.

ಎರಡೂ ಕಡೆ ಗೆದ್ದ ಸಿನಿಮಾಗಳು ಬೇಕಾದಷ್ಟಿವೆ. 2020ರಲ್ಲಿ ಕೊರಿಯಾದ ‘ಪ್ಯಾರಸೈಟ್’ ಗಿಲ್ಡ್ ಪ್ರಶಸ್ತಿಯನ್ನೂ ತೆಗೆದುಕೊಂಡಿತು, ಆಸ್ಕರನ್ನೂ ತೆಗೆದುಕೊಂಡಿತು. 2025ರಲ್ಲಿ ‘ಅನೋರಾ’ ಹಾಗೇ ಮಾಡಿತು.

ಯಾವಾಗ ಶುರುವಾಯಿತು?

1949ರಲ್ಲಿ. ಹಿಂದಿನ ವರ್ಷ, ಅಂದರೆ 1948ರ ಸಿನಿಮಾಗಳಿಗೆ ಕೊಟ್ಟರು. ಆಗ ಸಂಘದ ಹೆಸರು ಸ್ಕ್ರೀನ್ ರೈಟರ್ಸ್ ಗಿಲ್ಡ್. ಈಗಿನ ಈಸ್ಟ್, ವೆಸ್ಟ್ ಏರ್ಪಾಡು ಬಂದಿದ್ದು 1954ರಲ್ಲಿ.

ಮೊದಲ ವರ್ಷಗಳ ವಿಭಾಗ ನೋಡಿದರೆ ನಗು ಬರುತ್ತದೆ. ಹಾಸ್ಯಕ್ಕೊಂದು, ಗಂಭೀರ ಕಥೆಗೊಂದು, ಹಾಡು-ಕುಣಿತದ ಸಿನಿಮಾಕ್ಕೊಂದು, ಕುದುರೆ ಹತ್ತಿ ಪಿಸ್ತೂಲು ಹಿಡಿಯುವ ವೆಸ್ಟರ್ನ್‌ಗೂ ಒಂದು! ಮೂಲ ಚಿತ್ರಕಥೆ, ಆಧಾರಿತ ಚಿತ್ರಕಥೆ ಅನ್ನುವ ಈಗಿನ ಎರಡೇ ಭಾಗ ಎಷ್ಟೋ ವರ್ಷ ಆದಮೇಲೆ ಬಂತು. ಟಿವಿಯವರಿಗೂ ಐವತ್ತರ ದಶಕದಲ್ಲೇ ಕೊಡಲು ಶುರು ಮಾಡಿದರು.

ಕಥೆ, ಚಿತ್ರಕಥೆ, ಸಂಭಾಷಣೆ: ಮೂರೂ ಬೇರೆ ಬೇರೆನಾ? ಬರೆಯುವುದು ಒಬ್ಬರೇ ಅಲ್ವಾ?

ಒಬ್ಬರೇ ಬರೆಯಬಹುದು. ಆದರೆ ಕೆಲಸ ಮೂರು. ಹೇಳುವುದಕ್ಕಿಂತ ತೋರಿಸುತ್ತೇನೆ.

ಕಥೆ ಇದು: ಸಾಲಕ್ಕೆ ಸಿಕ್ಕಿದ ಅಪ್ಪ ಯಾರಿಗೂ ಹೇಳದೆ ಗದ್ದೆ ಮಾರಲು ಹೊರಟಿದ್ದಾನೆ. ಮಗಳಿಗೆ ಗೊತ್ತಾಗುತ್ತದೆ.

ಚಿತ್ರಕಥೆ ಹೀಗೆ: ಮಂಡ್ಯ ತಾಲ್ಲೂಕಿನ ಒಂದು ಊರಿನ ಬಸ್ ಸ್ಟಾಪ್. ಬೆಳಗಿನ ಜಾವ. ಕಬ್ಬಿನ ಗದ್ದೆಯ ಮೇಲೆ ಇನ್ನೂ ಮಂಜು. ಅಪ್ಪ ಒಗೆದ ಪಂಚೆ ಉಟ್ಟಿದ್ದಾನೆ, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಕವರಿನೊಳಗಿಂದ ಪಹಣಿಯ ಮೂಲೆ ಕಾಣುತ್ತಿದೆ. ಹಾಲು ಹಾಕಲು ಡೇರಿಗೆ ಹೊರಟ ಮಗಳು ಕ್ಯಾನು ಹಿಡಿದು ನಿಲ್ಲುತ್ತಾಳೆ. ಮೊದಲು ಪಂಚೆ ನೋಡುತ್ತಾಳೆ, ಆಮೇಲೆ ಕವರು ನೋಡುತ್ತಾಳೆ.

ಸಂಭಾಷಣೆ:

‘ಎತ್ತಗಪ್ಪ ಇಷ್ಟೊತ್ಗೇ?’

‘ಇಲ್ಲೇ ಕಣವ್ವ, ಮಂಡ್ಯಕ್ಕೆ.’

‘ಮಂಡ್ಯಕ್ಕೆ ಪಹಣಿ ಯಾಕಪ್ಪ?’

‘...ಹಾಲ್ ಕೆಟ್ಟೋಯ್ತದೆ, ನಡಿ ನೀನು.’

ಅಪ್ಪ ಸಾಲದ ಮಾತೇ ಎತ್ತಲಿಲ್ಲ, ಆದರೂ ನಮಗೆ ತಿಳಿಯಿತು. ಪಂಚೆ ಒಗೆದದ್ದು, ಕವರು ಕಂಕುಳಲ್ಲಿದ್ದದ್ದು ಚಿತ್ರಕಥೆಯವರ ಕೆಲಸ. ‘ಹಾಲ್ ಕೆಟ್ಟೋಯ್ತದೆ’ ಅಂತ ಮಾತು ತಿರುಗಿಸಿದ್ದು ಸಂಭಾಷಣೆಯವರ ಕೆಲಸ. ಈ ಅಪ್ಪನ ಬಾಯಲ್ಲಿ ‘ನಾನು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗುತ್ತಿದ್ದೇನೆ ಮಗಳೇ’ ಅಂತ ಬರೆದರೆ ಸೀನು ಅಲ್ಲೇ ಸತ್ತಿತು.

ಅಮೆರಿಕದವರು ಸಂಭಾಷಣೆಯನ್ನು ಬೇರೆ ಮಾಡುವುದಿಲ್ಲ, ಅದು ಚಿತ್ರಕಥೆಯೊಳಗೇ ಸೇರಿರುತ್ತದೆ. ನಮ್ಮಲ್ಲಿ ಬೇರೆ. ಹಾಗಾಗಿ ಗಿಲ್ಡ್ ಪಟ್ಟಿಯಲ್ಲಿ ಸಂಭಾಷಣೆಗೆ ಅಂತ ಪ್ರಶಸ್ತಿ ಹುಡುಕಬೇಡಿ, ಸಿಗುವುದಿಲ್ಲ.

ಮೂಲ ಚಿತ್ರಕಥೆ, ಆಧಾರಿತ ಚಿತ್ರಕಥೆ ಅಂತ ಹೇಗೆ ಬೇರೆ ಮಾಡುತ್ತಾರೆ?

ಕಾದಂಬರಿ, ನಾಟಕ, ಹಳೆಯ ಸಿನಿಮಾ ಇಂಥ ಯಾವುದನ್ನಾದರೂ ಇಟ್ಟುಕೊಂಡು ಬರೆದರೆ ಆಧಾರಿತ. ತಲೆಯಿಂದಲೇ ಬಂದರೆ ಮೂಲ. ಹೇಳಲು ಸುಲಭ, ಗೆರೆ ಎಳೆಯುವಾಗ ಜಗಳ. 2017ರಲ್ಲಿ ‘ಮೂನ್‌ಲೈಟ್’ ವಿಷಯದಲ್ಲಿ ಇದು ಎದ್ದು ಕಂಡಿತು. ಅದಕ್ಕೆ ಆಧಾರವಾಗಿದ್ದದ್ದು ರಂಗದ ಮೇಲೆ ಬರದೇ ಉಳಿದ ಒಂದು ನಾಟಕ. ಗಿಲ್ಡ್‌ನವರು ಅದನ್ನು ಮೂಲ ಚಿತ್ರಕಥೆ ಅಂದರು. ಆಸ್ಕರಿನವರು ಆಧಾರಿತ ಅಂದರು. ಸಿನಿಮಾ ಎರಡೂ ಕಡೆ ಗೆದ್ದಿತು!

ನಮ್ಮ ಕಡೆಯ ಉದಾಹರಣೆ ಬೇಕಾದರೆ ತ್ರಿವೇಣಿಯವರನ್ನು ತೆಗೆದುಕೊಳ್ಳಿ. ಮಂಡ್ಯದಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಬಾಳಿದವರು. ತೀರಿಕೊಂಡದ್ದು 1963ರಲ್ಲಿ. ಅವರ ‘ಬೆಳ್ಳಿಮೋಡ’ ಸಿನಿಮಾ ಆಗಿದ್ದು 1967ರಲ್ಲಿ, ‘ಶರಪಂಜರ’ 1972ರಲ್ಲಿ. ಎರಡನ್ನೂ ನಿರ್ದೇಶಿಸಿದವರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲ್‌ನ ಪುಟ್ಟಣ್ಣ. ಕಾದಂಬರಿಯಲ್ಲಿ ಹೆಣ್ಣಿನ ಮನಸ್ಸಿನೊಳಗೆ ನಡೆಯುವುದನ್ನು ತ್ರಿವೇಣಿ ಪುಟಗಟ್ಟಲೆ ಬರೆಯಬಲ್ಲರು. ಕ್ಯಾಮೆರಾಕ್ಕೆ ಮನಸ್ಸಿನ ಒಳಗೆ ಹೋಗಲು ಬಾಗಿಲಿಲ್ಲ. ಅದನ್ನು ಒಂದು ನೋಟವಾಗಿ, ಮಾತಾಗಿ, ಹಾಡಾಗಿ ಮಾಡಬೇಕು. ಆಧಾರಿತ ಅಂದರೆ ನಕಲು ಅಂದುಕೊಂಡವರು ಒಮ್ಮೆ ಕಾದಂಬರಿ ಓದಿ ಆಮೇಲೆ ಸಿನಿಮಾ ನೋಡಲಿ.

ಇನ್ನೊಂದು ಕಥೆ ನಮ್ಮ ಯಾದವಗಿರಿಯದು. ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ 1965ರಲ್ಲಿ ಹಿಂದಿ ಸಿನಿಮಾ ಆಯಿತು. ಅವರ ಮಾಲ್ಗುಡಿಯನ್ನು ಸಿನಿಮಾದವರು ಉದಯಪುರದ ಕಡೆಗೆ ಸಾಗಿಸಿದರು. ನಾರಾಯಣ್‌ಗೆ ಸಿಟ್ಟು ಬಂತು, ಅದನ್ನು ಬರೆದೂ ಹೇಳಿದರು. ಆದರೆ ಫಿಲ್ಮ್‌ಫೇರ್‌ನವರು ಅದೇ ಸಿನಿಮಾಕ್ಕೆ ಅತ್ಯುತ್ತಮ ಕಥೆ ಪ್ರಶಸ್ತಿ ಕೊಟ್ಟದ್ದು ನಾರಾಯಣ್ ಅವರಿಗೇ! ತನಗೆ ಹಿಡಿಸದ ಸಿನಿಮಾದಿಂದ ಪ್ರಶಸ್ತಿ ಪಡೆಯುವ ಯೋಗ ಎಷ್ಟು ಜನಕ್ಕಿದೆ ಹೇಳಿ.

ಮತ ಹಾಕುವವರು ಸಿನಿಮಾ ನೋಡುತ್ತಾರಾ, ಸ್ಕ್ರಿಪ್ಟ್ ಓದುತ್ತಾರಾ?

ಎರಡೂ. ಸ್ಪರ್ಧೆಗೆ ಸ್ಕ್ರಿಪ್ಟನ್ನೂ ಕೊಡಬೇಕು. ಆದರೆ ಒಳ್ಳೆಯ ನಟ ಕೆಟ್ಟ ಮಾತನ್ನೂ ಎತ್ತಿ ನಿಲ್ಲಿಸಿಬಿಡುತ್ತಾನೆ, ಕೆಟ್ಟ ಸಂಕಲನ ಒಳ್ಳೆಯ ಸೀನನ್ನು ಹಾಳು ಮಾಡುತ್ತದೆ. ತೆರೆಯ ಮೇಲೆ ಕಂಡದ್ದರಲ್ಲಿ ಎಷ್ಟು ಕಾಗದದ್ದು ಅಂತ ಬಿಡಿಸಿ ನೋಡುವುದು ಬರಹಗಾರರಿಗೂ ಕಷ್ಟದ ಕೆಲಸವೇ.

ಕೆಲವು ದೊಡ್ಡ ಸಿನಿಮಾಗಳ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ. ಮೋಸನಾ?

ಮೋಸ ಇಲ್ಲ, ನಿಯಮ. ಗಿಲ್ಡ್‌ನ ಒಪ್ಪಂದಕ್ಕೆ, ಇಲ್ಲವೇ ಬ್ರಿಟನ್, ಕೆನಡಾದಂಥ ದೇಶಗಳ ಸೋದರ ಸಂಘಗಳ ಒಪ್ಪಂದಕ್ಕೆ ಒಳಪಟ್ಟು ಬರೆದ ಸ್ಕ್ರಿಪ್ಟ್ ಆಗಿರಬೇಕು. ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಒಳಗೆ ಬಿಡುವುದಿಲ್ಲ. ಹಾಲಿವುಡ್ಡಿನ ಬರಹಗಾರ, ನಿರ್ದೇಶಕ ಕ್ವೆಂಟಿನ್ ಟರಂಟಿನೋ ಗಿಲ್ಡ್ ಸದಸ್ಯರಲ್ಲ. ‘ಜಾಂಗೋ ಅನ್‌ಚೈನ್ಡ್’ಗೆ 2013ರಲ್ಲಿ ಅವರಿಗೆ ಚಿತ್ರಕಥೆಯ ಆಸ್ಕರ್ ಬಂತು, ಗಿಲ್ಡ್ ಸ್ಪರ್ಧೆಗೆ ಮಾತ್ರ ಅದು ಅರ್ಹವೇ ಆಗಿರಲಿಲ್ಲ. ಪಿಕ್ಸಾರ್‌ನಂಥವರ ಎಷ್ಟೋ ಕಾರ್ಟೂನ್ ಸಿನಿಮಾಗಳು ಹೊರಗುಳಿಯುವುದೂ ಇದೇ ಕಾರಣಕ್ಕೆ.

ಇದು ಸರಿಯಾ? ನನ್ನ ಗೆಳೆಯರಲ್ಲಿ ಅರ್ಧ ಜನ ಸಣ್ಣತನ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಂಘ ಕಟ್ಟಿ, ಬೀದಿಗಿಳಿದು ಕೂಲಿ ಹೆಚ್ಚಿಸಿಕೊಂಡವರು ತಮ್ಮ ಒಪ್ಪಂದದೊಳಗಿನ ಕೆಲಸಕ್ಕೆ ತಾವೇ ಬೆನ್ನು ತಟ್ಟುತ್ತಾರೆ. ಜಗತ್ತಿನ ಅತ್ಯುತ್ತಮ ಅಂತ ಅವರು ಎಲ್ಲೂ ಹೇಳಿಕೊಂಡಿಲ್ಲ. ಹಾಗಂತ ಹೇಳುವುದು ಪೇಪರಿನವರು.

ಟೈಟಲ್ ಕಾರ್ಡಲ್ಲಿ ಒಮ್ಮೆ ‘&’ ಹಾಕುತ್ತಾರೆ, ಒಮ್ಮೆ ‘ಆಂಡ್’ ಅಂತ ಪೂರ್ತಿ ಬರೆಯುತ್ತಾರೆ. ಸುಮ್ನೆ ಚೆಂದಕ್ಕಾ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಚೆಂದಕ್ಕಲ್ಲ. ಇಬ್ಬರ ಹೆಸರಿನ ನಡುವೆ ‘&’ ಇದ್ದರೆ ಅವರು ಜೋಡಿಯಾಗಿ ಕೂತು ಬರೆದವರು. ‘ಆಂಡ್’ ಅಂತ ಅಕ್ಷರದಲ್ಲಿ ಇದ್ದರೆ ಬೇರೆ ಬೇರೆಯಾಗಿ ಬರೆದವರು. ಮೊದಲನೆಯವರು ಬರೆದು ಹೋದರು, ಎರಡನೆಯವರನ್ನು ಕರೆಸಿ ತಿದ್ದಿಸಿದರು ಅಂತ ಅರ್ಥ. ಎಷ್ಟೋ ಸಲ ಅವರು ಒಬ್ಬರ ಮುಖ ಒಬ್ಬರು ನೋಡಿರುವುದೂ ಇಲ್ಲ. ಮುಂದಿನ ಸಲ ಇಂಗ್ಲಿಷ್ ಸಿನಿಮಾ ನೋಡುವಾಗ ಗಮನಿಸಿ. ಒಂದು ಸ್ಕ್ರಿಪ್ಟು ಎಷ್ಟು ಕೈ ದಾಟಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಯಾರ ಹೆಸರು ಹಾಕಬೇಕು ಅಂತ ನಿರ್ಮಾಪಕರು ತಾನೇ ತೀರ್ಮಾನಿಸುವುದು?

ಅಲ್ಲಿ ಅಲ್ಲ. ಕೊನೆಯ ತೀರ್ಮಾನ ಗಿಲ್ಡ್‌ನದು. ಸ್ಟುಡಿಯೋದವರು ಇಂಥಿಂಥವರ ಹೆಸರು ಅಂತ ಸೂಚಿಸುತ್ತಾರೆ, ಅಷ್ಟೇ. ಯಾರಾದರೂ ತಕರಾರು ತೆಗೆದರೆ ಮೂರು ಜನ ಬರಹಗಾರರು ಪಂಚಾಯ್ತಿಗೆ ಕೂರುತ್ತಾರೆ. ಅವರು ಯಾರು ಅಂತ ಗುಟ್ಟಾಗಿಡುತ್ತಾರೆ. ಅವರು ಎಲ್ಲಾ ಡ್ರಾಫ್ಟುಗಳನ್ನೂ ಓದಿ, ಕೊನೆಯ ಸ್ಕ್ರಿಪ್ಟಲ್ಲಿ ಯಾರ ಪಾಲೆಷ್ಟು ಅಂತ ಅಳೆಯುತ್ತಾರೆ. ಮೂಲ ಚಿತ್ರಕಥೆಯನ್ನು ಆಮೇಲೆ ಬಂದು ತಿದ್ದಿದವರಿಗೆ ಹೆಸರು ಸಿಗಬೇಕಾದರೆ ಕಡಿಮೆ ಅಂದರೂ ಅರ್ಧದಷ್ಟು ಅವರದೇ ಕೆಲಸ ಇರಬೇಕು. ಕಾದಂಬರಿ ಆಧಾರಿತ ಆದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ಸಾಕು.

ನಿರ್ದೇಶಕರು ನಾಲ್ಕು ಮಾತು ಬದಲಾಯಿಸಿ ‘ಚಿತ್ರಕಥೆ’ ಅಂತ ತಮ್ಮ ಹೆಸರೂ ಸೇರಿಸಿಕೊಳ್ಳುವುದಕ್ಕೆ ಅಲ್ಲಿ ದಾರಿ ಕಷ್ಟ. ಇಲ್ಲಿ? ನಾನು ಒಂದು ಸೀರಿಯಲ್ಲಿಗೆ ಬರೆಯುತ್ತಿದ್ದಾಗ ನನ್ನ ಹೆಸರು ತೆರೆಯ ಕೆಳಗೆ ಓಡಿಹೋಗುತ್ತಿತ್ತು. ಅಮ್ಮ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮುಗಿದಿರುತ್ತಿತ್ತು. ಆಮೇಲೆ ಕೆಲವು ವಾರ ಬೇರೆಯವರ ಹೆಸರಿತ್ತು, ಸಂಭಾಷಣೆ ನನ್ನದೇ. ಕೇಳಿದರೆ ‘ಟೈಟಲ್ ಅಪ್‌ಡೇಟ್ ಆಗಿಲ್ಲ ಸಾರ್’ ಅಂದರು. ಪ್ರಶಸ್ತಿ ಹಾಗಿರಲಿ, ಹೆಸರು ಸರಿಯಾಗಿ ಹಾಕಿದ್ದರೆ ಸಾಕಿತ್ತು.

ಹೆಸರಿಗೆ ಯಾಕೆ ಅಷ್ಟು ಒದ್ದಾಟ? ದುಡ್ಡು ಬಂದರೆ ಸಾಲದಾ?

ಅಲ್ಲಿ ಹೆಸರಿನ ಮೇಲೇ ದುಡ್ಡೂ ನಿಂತಿದೆ. ಸಿನಿಮಾ ಮತ್ತೆ ಮತ್ತೆ ಟಿವಿಯಲ್ಲಿ ಬಂದಾಗ, ಡಿಸ್ಕ್ ಮಾರಾಟವಾದಾಗ, ಸ್ಟ್ರೀಮಿಂಗಿಗೆ ಹೋದಾಗ ಬರಹಗಾರರಿಗೆ ರೆಸಿಡ್ಯುಯಲ್ ಅಂತ ಹಣ ಬರುತ್ತದೆ. ಕಾರ್ಡಲ್ಲಿ ಹೆಸರಿದ್ದವರಿಗೆ ಆ ಹಣ.

ದುಡ್ಡಿನಾಚೆಯ ಕಥೆಯೂ ಇದೆ. ಡಾಲ್ಟನ್ ಟ್ರಂಬೋ ಅಂತ ಒಬ್ಬ ಬರಹಗಾರ. ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ಕಾಲದಲ್ಲಿ, 1947ರಲ್ಲಿ, ಅಮೆರಿಕದ ಸಂಸತ್ ಸಮಿತಿ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಜೈಲಿಗೆ ಹೋದ. ಹಾಲಿವುಡ್ಡಿನ ಕಪ್ಪುಪಟ್ಟಿಗೂ ಸೇರಿದ. ಬರೆಯುವುದನ್ನು ಮಾತ್ರ ಬಿಡಲಿಲ್ಲ, ಬೇರೆಯವರ ಹೆಸರಲ್ಲಿ ಬರೆದ. 1953ರ ‘ರೋಮನ್ ಹಾಲಿಡೇ’ ಕಥೆ ಅವನದು. ಕಾರ್ಡಲ್ಲಿ ಇದ್ದದ್ದು ಗೆಳೆಯ ಇಯಾನ್ ಮೆಕ್‌ಲೆಲ್ಲನ್ ಹಂಟರ್ ಹೆಸರು, ಆಸ್ಕರ್ ಹೋದದ್ದೂ ಆ ಗೆಳೆಯನಿಗೆ. ಇನ್ನೊಂದು ಸಿನಿಮಾ ‘ದಿ ಬ್ರೇವ್ ಒನ್’ಗೆ 1957ರಲ್ಲಿ ‘ರಾಬರ್ಟ್ ರಿಚ್’ ಅನ್ನುವವನಿಗೆ ಆಸ್ಕರ್ ಘೋಷಣೆಯಾಯಿತು. ಆ ಹೆಸರಿನ ಬರಹಗಾರನೇ ಇರಲಿಲ್ಲ! ಆ ಮೂರ್ತಿ ಟ್ರಂಬೋ ಕೈಗೆ ಬಂದಿದ್ದು 1975ರಲ್ಲಿ. ‘ರೋಮನ್ ಹಾಲಿಡೇ’ಯ ಆಸ್ಕರನ್ನು 1993ರಲ್ಲಿ ಅವನ ಹೆಂಡತಿಗೆ ಕೊಟ್ಟರು, ಆಗ ಅವನು ತೀರಿಕೊಂಡು ವರ್ಷಗಳೇ ಆಗಿದ್ದವು. ಗಿಲ್ಡ್ ಅವನ ಹೆಸರನ್ನು ಆ ಸಿನಿಮಾಕ್ಕೆ ವಾಪಸ್ ಸೇರಿಸಿದ್ದು 2011ರಲ್ಲಿ.

ಗಿಲ್ಡನ್ನು ಸುಮ್ನೆ ಹೊಗಳಬಾರದು. ಕಪ್ಪುಪಟ್ಟಿಯವರ ಹೆಸರು ತೆಗೆದುಹಾಕಲು ಐವತ್ತರ ದಶಕದಲ್ಲಿ ಸ್ಟುಡಿಯೋಗಳಿಗೆ ಒಪ್ಪಿಗೆ ಕೊಟ್ಟದ್ದೂ ಇದೇ ಸಂಘ. ಆಮೇಲೆ 1970ರಲ್ಲಿ ಅದೇ ಟ್ರಂಬೋಗೆ ತನ್ನ ಅತಿ ದೊಡ್ಡ ಗೌರವವಾದ ಲಾರೆಲ್ ಪ್ರಶಸ್ತಿ ಕೊಟ್ಟಿತು. ಹಳೆಯ ಸಿನಿಮಾಗಳ ಕಾರ್ಡು ತಿದ್ದುವ ಕೆಲಸ ದಶಕಗಟ್ಟಲೆ ನಡೆಯಿತು.

ಲಾರೆಲ್ ಅಂದರೆ?

ಜೀವಮಾನದ ಸಾಧನೆಗೆ ಕೊಡುವುದು. ಸಿನಿಮಾದವರಿಗೆ ಒಂದು ಲಾರೆಲ್ ಇದೆ. ಟಿವಿಯವರಿಗೆ ಪ್ಯಾಡಿ ಚಯೆಫ್‌ಸ್ಕಿ ಹೆಸರಿನ ಲಾರೆಲ್ ಇದೆ. ಚಯೆಫ್‌ಸ್ಕಿ ಟಿವಿ ನಾಟಕದಿಂದ ಬಂದು, ಇನ್ನೊಬ್ಬರ ಜೊತೆ ಹಂಚಿಕೊಳ್ಳದೆ ಚಿತ್ರಕಥೆಗೆ ಮೂರು ಆಸ್ಕರ್ ಗೆದ್ದವರು. ಪಾಲ್ ಸೆಲ್ವಿನ್ ಹೆಸರಿನ ಇನ್ನೊಂದು ಪ್ರಶಸ್ತಿ ನಾಗರಿಕ ಹಕ್ಕು, ಸಂವಿಧಾನದ ಸ್ವಾತಂತ್ರ್ಯ ಇವನ್ನು ಎತ್ತಿಹಿಡಿಯುವ ಸ್ಕ್ರಿಪ್ಟಿಗೆ.

ಟಿವಿಯಲ್ಲಿ ಒಂದು ಸರಣಿಗೆ ಹತ್ತಾರು ಜನ ಬರೆಯುತ್ತಾರೆ. ಪ್ರಶಸ್ತಿ ಯಾರಿಗೆ?

ಸರಣಿಗೆ ಸಿಕ್ಕರೆ ಇಡೀ ತಂಡಕ್ಕೆ. ಗಂಭೀರ ಸರಣಿ, ಹಾಸ್ಯ ಸರಣಿ, ಹೊಸ ಸರಣಿ ಅಂತ ವಿಭಾಗ ಇವೆ. ‘ಬ್ರೇಕಿಂಗ್ ಬ್ಯಾಡ್’ ತಂಡ ಸತತ ಮೂರು ವರ್ಷ ಗಂಭೀರ ಸರಣಿಯ ಪ್ರಶಸ್ತಿ ಹೊಡೆಯಿತು. ಇದಲ್ಲದೆ ಒಂದೊಂದು ಕಂತಿಗೂ ಬೇರೆ ಪ್ರಶಸ್ತಿ ಇದೆ, ಅದು ಆ ಕಂತು ಬರೆದವರಿಗೆ. ಎಲ್ಲರೂ ಒಂದು ರೂಮಲ್ಲಿ ಕೂತು ಕಥೆ ಕಟ್ಟುತ್ತಾರೆ, ಆಮೇಲೆ ಒಬ್ಬೊಬ್ಬರು ಒಂದೊಂದು ಕಂತು ಹಿಡಿದುಕೊಂಡು ಹೋಗಿ ಬರೆಯುತ್ತಾರೆ.

ನಮ್ಮ ಸೀರಿಯಲ್ಲಿನ ಲೆಕ್ಕ ಬೇರೆ. ವಾರದಲ್ಲಿ ಐದು, ಆರು ಕಂತು ಹೋಗಬೇಕು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಬೆಳಗ್ಗೆ ಸೆಟ್ಟಲ್ಲಿ ಲೈಟು ಹಾಕಿ ಕಾಯುತ್ತಿರುತ್ತಾರೆ, ಆಗಿನ್ನೂ ಎರಡನೇ ಸೀನಿನ ಮಾತು ಟೈಪ್ ಆಗುತ್ತಿರುತ್ತದೆ. ಅತ್ತೆ ಪಾತ್ರದವರಿಗೆ ಜ್ವರ ಬಂದರೆ ಅತ್ತೆಯನ್ನು ಹತ್ತು ನಿಮಿಷದೊಳಗೆ ಕಾಶಿಗೆ ಕಳಿಸಬೇಕು. ಇದೂ ಒಂದು ವಿದ್ಯೆ ಕಣ್ರೀ.

ರೇಡಿಯೋ, ಸುದ್ದಿ, ಮಕ್ಕಳ ಕಾರ್ಯಕ್ರಮ, ಸಾಕ್ಷ್ಯಚಿತ್ರದ ಬರವಣಿಗೆಗೂ ಪ್ರಶಸ್ತಿ ಕೊಡುತ್ತಾರೆ.

2023ರಲ್ಲಿ ಮುಷ್ಕರ ಆಯಿತಲ್ಲ, ಅದೇ ಸಂಘನಾ?

ಅದೇ. ಮೇ 2ಕ್ಕೆ ಶುರುವಾಗಿ 148 ದಿನ ನಡೆಯಿತು. ಸ್ಟ್ರೀಮಿಂಗ್ ಬಂದಮೇಲೆ ರೆಸಿಡ್ಯುಯಲ್ ಸೊರಗಿತ್ತು, ಬರೆಯುವ ತಂಡಗಳು ಚಿಕ್ಕದಾಗುತ್ತಾ ಬಂದಿದ್ದವು. ಅದರ ಮೇಲೆ ಎಐ ಹೆದರಿಕೆ. ಜುಲೈಯಲ್ಲಿ ನಟರೂ ಮುಷ್ಕರಕ್ಕಿಳಿದರು. ಪ್ರಶಸ್ತಿ ಸಮಾರಂಭ 2024ರ ಏಪ್ರಿಲ್ 14ಕ್ಕೆ ಹೋಯಿತು, ಆಸ್ಕರ್ ಮುಗಿದು ತಿಂಗಳಾದ ಮೇಲೆ. ಅದಕ್ಕೂ ಹಿಂದೆ 2007–08ರಲ್ಲಿ 100 ದಿನದ ಮುಷ್ಕರ ಆಗಿತ್ತು. ಆಗ ಗೆದ್ದವರ ಹೆಸರು ಮಾತ್ರ ಹೇಳಿದರು, ಲಾಸ್ ಏಂಜಲೀಸಿನ ಸಮಾರಂಭ ನಡೆಯಲೇ ಇಲ್ಲ.

ಎಐ ಬರೆದ ಸ್ಕ್ರಿಪ್ಟಿಗೆ ಪ್ರಶಸ್ತಿ ಬರಬಹುದಾ?

2023ರ ಒಪ್ಪಂದದ ಪ್ರಕಾರ ಎಐ ಬರಹಗಾರ ಅಲ್ಲ. ಅದು ಉಗುಳಿದ್ದನ್ನು ಸಾಹಿತ್ಯ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮೂಲಕೃತಿ ಅಂತಲೂ ಅನ್ನುವುದಿಲ್ಲ. ಕಂಪನಿ ಎಐ ಬರೆದ ಪುಟಗಳನ್ನು ಕೊಟ್ಟು ‘ಇದನ್ನು ತಿದ್ದಿ’ ಅಂದರೆ, ಅದು ಎಐದು ಅಂತ ಮೊದಲೇ ತಿಳಿಸಬೇಕು. ಆ ನೆಪದಲ್ಲಿ ಬರಹಗಾರರ ಹೆಸರು, ಸಂಭಾವನೆ ಕಡಿಮೆ ಮಾಡುವ ಹಾಗಿಲ್ಲ. ಇಲ್ಲಿ ನಮಗೆ ಇಂಥ ಒಂದು ಸಾಲೂ ಯಾರೂ ಬರೆದುಕೊಟ್ಟಿಲ್ಲ. ನಿರ್ಮಾಣ ಸಂಸ್ಥೆಯಿಂದ ಬರುವ ‘ಒನ್‌ಲೈನ್’ಗಳಲ್ಲಿ, ಅಂದರೆ ಕಥೆಯ ಚುಟುಕು ಸಾರಾಂಶಗಳಲ್ಲಿ, ಯಾವುದು ಮನುಷ್ಯರದ್ದು ಅಂತ ಈಗೀಗ ನನಗೇ ಅನುಮಾನ.

ಕನ್ನಡದ ಬರಹಗಾರರಿಗೆ ಈ ಪ್ರಶಸ್ತಿ ಬರಬಹುದಾ?

ಭಾಷೆ ಅಡ್ಡಿಯಲ್ಲ, ‘ಪ್ಯಾರಸೈಟ್’ ಪೂರ್ತಿ ಕೊರಿಯನ್ ಭಾಷೆಯದು. ಅಡ್ಡ ಬರುವುದು ಒಪ್ಪಂದ. ಗಾಂಧಿನಗರದ ಒಪ್ಪಂದದಲ್ಲಿ ಬರೆದ ಸಿನಿಮಾ ಅಲ್ಲಿಗೆ ಸಲ್ಲುವುದಿಲ್ಲ. ಭಾರತದ ಕಥೆಗೆ ಬಂದದ್ದಿದೆ. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಆಧಾರಿತ ಚಿತ್ರಕಥೆಯಲ್ಲಿ ಗೆದ್ದಿತು. ಮೂಲ ಕಾದಂಬರಿ ವಿಕಾಸ್ ಸ್ವರೂಪ್ ಅವರದು, ಚಿತ್ರಕಥೆ ಮಾತ್ರ ಬ್ರಿಟನ್ನಿನ ಸೈಮನ್ ಬ್ಯೂಫಾಯ್ ಅವರದು.

ಹಾಗಾದರೆ ನಮ್ಮಲ್ಲಿ ಬರೆದವರಿಗೆ ಏನಿದೆ?

ಇದೆ, ಕಡಿಮೆ ಏನಲ್ಲ. ರಾಜ್ಯ ಚಲನಚಿತ್ರ ಪ್ರಶಸ್ತಿ 1966–67ರಿಂದ ಇದೆ. ಕಥೆ, ಚಿತ್ರಕಥೆ, ಸಂಭಾಷಣೆಗೆ ಬೇರೆ ಬೇರೆ ಕೊಡುತ್ತಾರೆ. ಸಂಭಾಷಣೆಗೆ ಬೇರೆಯಾಗಿ ಕೊಡುವುದು ನನಗಂತೂ ಖುಷಿ. ಕೊರತೆ ಏನೆಂದರೆ ವಿಳಂಬ. 2019ರ ಸಿನಿಮಾಗಳಿಗೆ ಪ್ರಶಸ್ತಿ ಘೋಷಣೆಯಾದದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಆ ಸಿನಿಮಾ ಯಾವುದು ಅಂತಲೇ ಜನ ಮರೆತಿರುತ್ತಾರೆ.

ರಾಷ್ಟ್ರ ಪ್ರಶಸ್ತಿಯಲ್ಲಿ 2009ರ ಸಿನಿಮಾಗಳಿಂದ ಚಿತ್ರಕಥೆಯನ್ನು ಮೂಲ, ಆಧಾರಿತ, ಸಂಭಾಷಣೆ ಅಂತ ಮೂರು ಮಾಡಿದರು. ಮೊದಲ ಸಲವೇ ಆಧಾರಿತ ಚಿತ್ರಕಥೆಯ ಪ್ರಶಸ್ತಿ ಕನ್ನಡಕ್ಕೆ ಬಂತು! ‘ಕನಸೆಂಬ ಕುದುರೆಯನೇರಿ’ಗೆ, ಗೋಪಾಲಕೃಷ್ಣ ಪೈ ಮತ್ತು ಗಿರೀಶ್ ಕಾಸರವಳ್ಳಿ ಅವರಿಗೆ. ಅದು ಅಮರೇಶ ನುಗಡೋಣಿ ಅವರ ಕಥೆಯಿಂದ ಬಂದ ಸಿನಿಮಾ. ಅದಕ್ಕೂ ಎಷ್ಟೋ ಮೊದಲು ನಮ್ಮ ಗಿರೀಶ ಕಾರ್ನಾಡರು ಹಿಂದಿಯ ‘ಭೂಮಿಕಾ’ಕ್ಕೆ ಶ್ಯಾಮ್ ಬೆನೆಗಲ್, ಸತ್ಯದೇವ್ ದುಬೆ ಜೊತೆ ಚಿತ್ರಕಥೆಯ ರಾಷ್ಟ್ರ ಪ್ರಶಸ್ತಿ ಪಡೆದಿದ್ದರು.

ಬರಹಗಾರರೇ ಬರಹಗಾರರಿಗೆ ಕೊಡುವುದು ಬೇಕೆಂದರೆ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ. ಅವರು 2020ರಿಂದ ಪ್ರಶಸ್ತಿ ಕೊಡಲು ಶುರು ಮಾಡಿದರು. ಕನ್ನಡದಲ್ಲೂ ಇಂಥದ್ದು ಗಟ್ಟಿಯಾಗಿ ಬರಬೇಕು ಅನ್ನುವುದು ನನ್ನ ಆಸೆ. ಮೊದಲು ಹೆಸರು ಹಾಕುವ ನಿಯಮ ಬರಲಿ, ಟ್ರೋಫಿ ಆಮೇಲೆ.

ನನ್ನ ಹತ್ತಿರ ಒಂದು ಕಥೆ ಇದೆ. ಯಾರಾದರೂ ಕದ್ದರೆ?

ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ. ‘ಅಪ್ಪ ಗದ್ದೆ ಮಾರಲು ಹೋಗುತ್ತಾನೆ’ ಅನ್ನುವುದು ಯಾರ ಸ್ವತ್ತೂ ಅಲ್ಲ. ಅದನ್ನು ನೀವು ಸೀನು ಸೀನಾಗಿ ಬರೆದರೆ ಆ ಬರವಣಿಗೆ ನಿಮ್ಮದು. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ. ನಾಳೆ ಕೋರ್ಟಿಗೆ ಹೋದರೆ ಮೊದಲು ಬರೆದದ್ದು ಯಾರು ಅಂತ ತೋರಿಸಲು ಕಾಗದ ಬೇಕು. ಕೇಂದ್ರ ಸರ್ಕಾರದ ಕಾಪಿರೈಟ್ ಕಚೇರಿ ಇದೆ. ಆಗಲೇ ಹೇಳಿದ ಮುಂಬೈ ಸಂಘದ ಸದಸ್ಯರಾದರೆ ಆನ್‌ಲೈನಲ್ಲೇ ಸ್ಕ್ರಿಪ್ಟ್ ನೋಂದಾಯಿಸಬಹುದು, ಮೈಸೂರಿಂದ ರೈಲು ಹತ್ತುವ ಅಗತ್ಯವಿಲ್ಲ.

ಹಾಗೆಯೇ ಇನ್ನೊಂದು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಸಿನಿಮಾದೊಳಗೆ ಸೇರಿದ ಬರಹ ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದರೆ ರಾಯಲ್ಟಿಯಲ್ಲಿ ಬರೆದವರಿಗೆ ಸಮಪಾಲು ಸಿಗಬೇಕು, ಆ ಹಕ್ಕನ್ನು ನಿರ್ಮಾಪಕರು ಬರೆಸಿಕೊಳ್ಳುವ ಹಾಗಿಲ್ಲ. ಕಾನೂನು ಹೀಗಿದೆ. ಆದರೂ ಒಪ್ಪಂದದ ಕಾಗದ ಓದದೆ ಸಹಿ ಹಾಕಬೇಡಿ. ‘ಇದೆಲ್ಲ ಫಾರ್ಮಾಲಿಟಿ ಅಷ್ಟೇ ಸಾರ್’ ಅಂತ ಯಾರಾದರೂ ಅಂದರೆ ಆ ಕಾಗದವನ್ನು ಇನ್ನೊಂದು ಸಲ ಓದಿ.

ಗೆದ್ದ ಸ್ಕ್ರಿಪ್ಟುಗಳನ್ನು ಓದಲು ಸಿಗುತ್ತವಾ?

ಸಿಗುತ್ತವೆ, ಅದೂ ಪುಕ್ಕಟೆ. ಪ್ರಶಸ್ತಿ ಕಾಲದಲ್ಲಿ ಮತದಾರರು ಓದಲಿ ಅಂತ ಸ್ಟುಡಿಯೋಗಳೇ ಎಷ್ಟೋ ಸ್ಕ್ರಿಪ್ಟುಗಳನ್ನು ನೆಟ್ಟಿಗೆ ಹಾಕುತ್ತವೆ. ಆಮೇಲೆ ತೆಗೆದುಬಿಡುವುದೂ ಉಂಟು, ಕಂಡಾಗಲೇ ಇಳಿಸಿಕೊಳ್ಳಿ. ಮೊದಲು ಓದಿ, ಆಮೇಲೆ ಸಿನಿಮಾ ನೋಡಿ. ದಸರಾ ಚಲನಚಿತ್ರೋತ್ಸವದಲ್ಲಿ ಕನ್ನಡ ಸಿನಿಮಾ ನೋಡುವಾಗ ಇದನ್ನೇ ತಿರುಗಿಸಿ ಮಾಡಬಹುದು: ಮನೆಗೆ ಬಂದು ಇಷ್ಟವಾದ ಒಂದು ಸೀನನ್ನು ನೆನಪಿಂದ ಕಾಗದಕ್ಕೆ ಇಳಿಸಿ. ಮಾತು ಎಷ್ಟು ಕಡಿಮೆ ಇತ್ತು ಅಂತ ಆಗ ಗೊತ್ತಾಗುತ್ತದೆ.

ಯಾವ ಸ್ಕ್ರಿಪ್ಟಿಂದ ಶುರು ಮಾಡಲಿ?

ಗಿಲ್ಡ್‌ನವರು 2006ರಲ್ಲಿ 101 ಅತ್ಯುತ್ತಮ ಚಿತ್ರಕಥೆಗಳ ಪಟ್ಟಿ ಮಾಡಿದರು. ಮೊದಲನೆಯದು ‘ಕಾಸಾಬ್ಲಾಂಕಾ’. ಅದೂ ರಂಗಕ್ಕೆ ಬರದ ಒಂದು ನಾಟಕದಿಂದಲೇ ಹುಟ್ಟಿದ್ದು. ಟಿವಿ ಸರಣಿಗಳಿಗೆ 2013ರಲ್ಲಿ ಇಂಥದ್ದೇ ಪಟ್ಟಿ ಬಂತು, ಅದರಲ್ಲಿ ‘ದಿ ಸೊಪ್ರಾನೋಸ್’ ಮೊದಲು. ಇಂಗ್ಲಿಷ್ ಓದಲು ಬೇಜಾರಾದರೆ ಪುಟ್ಟಣ್ಣನವರ ಸಿನಿಮಾ ಪಕ್ಕ ತ್ರಿವೇಣಿ ಕಾದಂಬರಿ ಇಟ್ಟುಕೊಂಡು ಕೂರಿ, ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಸಮಾರಂಭ ಟಿವಿಯಲ್ಲಿ ಬರುತ್ತಾ?

ಆಸ್ಕರ್ ಥರ ಜಗತ್ತೆಲ್ಲ ಕೂತು ನೋಡುವ ಕಾರ್ಯಕ್ರಮ ಇದಲ್ಲ. ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ನಡೆಯುತ್ತದೆ. ಅಲ್ಲಿ ರಾತ್ರಿ ಮುಗಿಯುವ ಹೊತ್ತಿಗೆ ನಮಗೆ ಮಾರನೇ ದಿನ ಬೆಳಗ್ಗೆ ಆಗಿರುತ್ತದೆ. ಎದ್ದು ಕಾಫಿ ಕುಡಿಯುತ್ತಾ ಗಿಲ್ಡ್‌ನ ವೆಬ್‌ಸೈಟ್ ತೆಗೆದರೆ ಪೂರ್ತಿ ಪಟ್ಟಿ ಸಿಗುತ್ತದೆ. ‘&’ ಎಲ್ಲಿದೆ, ‘ಆಂಡ್’ ಎಲ್ಲಿದೆ ಅಂತ ನೋಡುವುದನ್ನು ಮಾತ್ರ ಮರೆಯಬೇಡಿ.